ಲೋಹಕಾಯದಿಂದ ಇಳಿಯುವ ಏಣಿ

ಚಾಪೆಯ ಮೇಲೆ ಮಗು ಅಳುತ್ತಿತ್ತು. ನಾಗವೇಣಿ ಅದರಿಂದ ಮಾರು ದೂರದಲ್ಲಿ ಗೋಡೆಗೆ ಬೆನ್ನು ಹಚ್ಚಿ, ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದಳು.

"ರೀ, ಬನ್ನಿ ಇಲ್ಲಿ. ಇಳಾನ ಎತ್ಕೊಳ್ಳಿ."

ಟವೆಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೊರಟಿದ್ದ ಯಶೋಧರ ಓಡಿಬಂದ. ಅವಳ ಕೈಯಲ್ಲಿ ಬೇರೆ ಕೆಲಸವಿದೆ ಅಂದುಕೊಂಡಿದ್ದ. ಕೆಲಸವೇನೂ ಇರಲಿಲ್ಲ. ಅವನು ಮಗುವನ್ನು ಎತ್ತಿ ಭುಜಕ್ಕೆ ಹಾಕಿಕೊಂಡು ತಟ್ಟಿದ. ಇಳಾ ಬಿಕ್ಕುತ್ತಾ ಅಮ್ಮನ ಕಡೆ ಕೈಚಾಚಿತು. ನಾಗವೇಣಿ ಇನ್ನಷ್ಟು ಗೋಡೆಗೆ ಒತ್ತಿಕೊಂಡಳು.

"ಯಾಕೆ ವೇಣಿ, ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ಕೈ ಯಾಕೋ ಭಾರ."

ಯಶೋಧರ ಆಗ ಹೆಚ್ಚು ಕೇಳಲಿಲ್ಲ. ಹೆರಿಗೆ ರಜೆ ಮುಗಿಸಿ ಅವಳು ಮತ್ತೆ ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಮೈಸೂರಿನ ಒಂದು ಮಕ್ಕಳ ಆಸ್ಪತ್ರೆಯಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ಅವಳು ನರ್ಸು. ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಜೀವಗಳನ್ನು ತಿರುಗಿಸಿ, ಒರೆಸಿ, ಕೂದಲೆಳೆಯಂಥ ನಾಳಕ್ಕೆ ಸೂಜಿ ಸೇರಿಸುವವಳು. ದಣಿವಿರಬೇಕು ಅಂದುಕೊಂಡ. ಆದರೆ ಅವಳು ಅಡುಗೆಮನೆಗೆ ಹೋಗುವಾಗ ಬಾಗಿಲಲ್ಲಿ ತಲೆ ತಗ್ಗಿಸಿದ್ದನ್ನು ಕಂಡು ಅವನು ಮಗುವನ್ನು ತಟ್ಟುವುದನ್ನು ನಿಲ್ಲಿಸಿದ. ಅವಳ ನೆತ್ತಿಗೂ ಬಾಗಿಲ ಚೌಕಟ್ಟಿಗೂ ನಡುವೆ ಒಂದು ಮೊಳ ಜಾಗವಿತ್ತು.

ಹೀಗೆ ತಲೆ ತಗ್ಗಿಸುವುದನ್ನು ಅವನು ಬೇರೆ ಕಡೆಯೂ ನೋಡಿದ್ದ. ತನ್ನ ಪ್ರಯೋಗಶಾಲೆಯಲ್ಲಿ, ಆಟ ಆಡಿ ಆಗತಾನೆ ಎದ್ದವರಲ್ಲಿ.

ಲೋಹಕಾಯ ಎಂಬ ಆಟ ಮೊದಲು ಬಂದದ್ದು ಯಶೋಧರ ಪ್ರೈಮರಿ ಶಾಲೆಯಲ್ಲಿದ್ದಾಗ. ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಬೂದು ಡಬ್ಬಿ, ನಡುವೆ ಪಾಚಿಬಣ್ಣದ ಪುಟ್ಟ ಪರದೆ, ಎಡಕ್ಕೆ ನಾಲ್ಕು ದಿಕ್ಕಿನ ಗುಂಡಿಗಳು, ಬಲಕ್ಕೆ ಬೆಂಕಿ ಉಗುಳುವ ಗುಂಡಿ. ಕತೆಯೂ ಸರಳ. ಬೇರೆ ಲೋಕದ ಜೀವಿಗಳು ಊರಿನ ಮೇಲೆ ಇಳಿದಿವೆ. ಮನೆಗಳಷ್ಟು ಎತ್ತರದ ಉಕ್ಕಿನ ಮನುಷ್ಯನೊಬ್ಬನಿದ್ದಾನೆ. ನೀವು ಏಣಿ ಹತ್ತಿ ಅವನ ಎದೆಗೂಡಿನೊಳಗೆ ಕೂರುತ್ತೀರಿ, ಅವನ ಕೈಕಾಲು ಆಡಿಸುತ್ತೀರಿ, ಕಾಲಬುಡದಲ್ಲಿ ಹರಿದುಬರುವ ಜೀವಿಗಳನ್ನು ಸುಡುತ್ತೀರಿ. ಆಡುವ ಹುಡುಗರು ಆ ಜೀವಿಗಳನ್ನು ಹುಳ ಅನ್ನುತ್ತಿದ್ದರು.

ಹಳೆಯ ಆಟಗಳನ್ನು ಮತ್ತೆ ತಯಾರಿಸುವ 'ಪುನರಾಟ' ಎಂಬ ಕಂಪನಿ ಲೋಹಕಾಯವನ್ನು ಹಾಗೆಯೇ ಮರಳಿ ತಂದಿತ್ತು. ಅದೇ ಡಬ್ಬಿ, ಅದೇ ಮಂಕು ಪರದೆ. ಹೊಸದಾಗಿ ಸೇರಿದ್ದು ಹಿಂಬದಿಯ ಎರಡು ತಾಮ್ರದ ತಗಡುಗಳು. ಆಡುವವರ ಅಂಗೈಗೆ ಅವು ತಾಗುತ್ತಿದ್ದವು, ನೋವಾಗದಷ್ಟು ಸಣ್ಣ ವಿದ್ಯುತ್ತಿನ ಮಿಡಿತ ಕಳಿಸುತ್ತಿದ್ದವು. ಉಕ್ಕಿನ ಪಾದ ನೆಲಕ್ಕೆ ಬಿದ್ದರೆ ಅಂಗೈಯ ಒಂದು ಮೂಲೆಯಲ್ಲಿ ದಡ್ ಎಂದಂತಾಗುತ್ತಿತ್ತು. ಹೆಗಲಿಗೆ ಏಟು ಬಿದ್ದರೆ ಇನ್ನೊಂದು ಮೂಲೆಯಲ್ಲಿ. ಆ ಮಿಡಿತಗಳನ್ನು ಜೋಡಿಸಿದವನು ಯಶೋಧರ. ಯಾವ ಮಿಡಿತ ಎಲ್ಲಿಗೆ ಅಂತ ಹೇಳಿಕೊಟ್ಟವರು ಮಿದುಳು ವಿಜ್ಞಾನಿ ಡಾಕ್ಟರ್ ಕಮಲಾಕ್ಷಿ.

"ಚಿತ್ರ ಸೊಗಸಾಗಿದ್ರೆ ಮಿದುಳು ಕಾಲು ಚಾಚಿ ಕೂತು ನೋಡುತ್ತೆ," ಎನ್ನುತ್ತಿದ್ದರು ಅವರು. "ಚಿತ್ರ ಬಡವಾಗಿದ್ರೆ ಅದೇ ಎದ್ದು ಕೆಲಸ ಮಾಡುತ್ತೆ. ಇಲ್ಲದ್ದನ್ನೆಲ್ಲ ತಾನೇ ತುಂಬುತ್ತೆ. ನಾವು ಅದಕ್ಕೆ ಪರದೆ ಮೇಲೆ ನಾಲ್ಕು ಚುಕ್ಕಿ ಕೊಡೋಣ, ಅಂಗೈಗೆ ನಾಲ್ಕು ಮಿಡಿತ ಕೊಡೋಣ. ಮಿಕ್ಕ ಮೈಯನ್ನ ಅದು ಕಟ್ಟಿಕೊಳ್ಳಲಿ."

ಅದು ಕಟ್ಟಿಕೊಂಡಿತು. ನಮ್ಮ ಮೈ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬ ನಕ್ಷೆಯೊಂದು ಮಿದುಳಿನಲ್ಲಿರುತ್ತದೆ. ಕುರುಡರಿಗೆ ಅದು ಕೋಲಿನ ತುದಿಯವರೆಗೂ ಚಾಚಿಕೊಳ್ಳುತ್ತದೆ, ಬಸ್ಸು ಓಡಿಸುವವರಿಗೆ ಬಂಪರಿನವರೆಗೂ. ಕೋಲು ಕೆಳಗಿಟ್ಟರೆ ನಕ್ಷೆ ಮತ್ತೆ ಕುಗ್ಗುತ್ತದೆ. ಲೋಹಕಾಯ ಆಡಿದವರಿಗೂ ಹಾಗೇ ಆಗುತ್ತದೆ ಎಂದು ಎಲ್ಲರೂ ನಂಬಿದ್ದರು. ಆಟ ಬಿಸಿ ದೋಸೆಯಂತೆ ಖರ್ಚಾಯಿತು. ಮೊದಲ ಡಬ್ಬಿಗಳಲ್ಲಿ ಒಂದನ್ನು ಯಶೋಧರ ತಾನೇ ಮನೆಗೆ ತಂದು ಹೆಂಡತಿಗೆ ಕೊಟ್ಟಿದ್ದ. ರಾತ್ರಿ ಮಗುವಿಗೆ ಹಾಲು ಕುಡಿಸುತ್ತಾ, ನಿದ್ದೆ ಬಾರದೆ, ಅವಳು ಅದನ್ನು ಆಡಿದ್ದಳು.

ನಾಗವೇಣಿ ಬಾಗಿಲಲ್ಲಿ ತಲೆ ತಗ್ಗಿಸಿದ ಆ ಬೆಳಗ್ಗೆ ಅವನು ಪ್ರಯೋಗಶಾಲೆ ತಲುಪುವಷ್ಟರಲ್ಲಿ ಕಮಲಾಕ್ಷಿ ನಾಲ್ಕೈದು ಜನರನ್ನು ಕರೆಸಿ ಕೂರಿಸಿದ್ದರು. ಎಲ್ಲರೂ ತಾವಾಗಿ ಫೋನು ಮಾಡಿದವರು. ಒಬ್ಬ ಟೈಲರ್, ಬಟ್ಟೆ ಹಿಡಿದರೆ ಹರಿದೀತೆಂದು ಅಂಗಡಿ ಮುಚ್ಚಿದ್ದ. ಕಾಲೇಜು ಹುಡುಗಿಯೊಬ್ಬಳು ಮೆಟ್ಟಿಲು ಕುಸಿದೀತೆಂದು ಮಹಡಿ ಹತ್ತುವುದನ್ನೇ ಬಿಟ್ಟಿದ್ದಳು. ಕಮಲಾಕ್ಷಿ ಒಬ್ಬೊಬ್ಬರ ಮುಂದೆಯೂ ನೀರು ತುಂಬಿದ ಕಾಗದದ ಲೋಟ ಇಟ್ಟು ಎತ್ತಲು ಹೇಳಿದರು. ಟೈಲರ್ ಬೆರಳನ್ನು ಲೋಟದ ಹತ್ತಿರ ತಂದ, ತಾಗಿಸಲಿಲ್ಲ.

"ಆಗಲ್ಲ ಮೇಡಂ. ಪುಡಿ ಆಗೋಗುತ್ತೆ."

"ಕಾಗದದ್ದಪ್ಪ. ಆದ್ರೆ ಆಗ್ಲಿ, ಹಿಡಿ."

ಅವನು ಹಿಡಿದ. ಲೋಟ ಅಪ್ಪಚ್ಚಿಯಾಗಿ ನೀರು ಮೇಜಿನ ತುಂಬ ಚೆಲ್ಲಿತು. ಟೈಲರ್ ತನ್ನ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಾ ಕುಳಿತ. ಯಶೋಧರ ಕಮಲಾಕ್ಷಿಯವರ ಮುಖ ನೋಡಿದ. ಎಂದೂ ಅಲುಗದ ಆ ಮುಖದಲ್ಲಿ ರಕ್ತವಿರಲಿಲ್ಲ.

"ನಕ್ಷೆ ಕುಗ್ಗಿಲ್ಲ ಯಶೋಧರ," ಎಂದರು ಅವರು, ಕೋಣೆಯಿಂದ ಹೊರಗೆ ಬಂದಮೇಲೆ. "ಡಬ್ಬಿ ಆಫ್ ಮಾಡಿದಾರೆ. ಇವರು ಮಾತ್ರ ಒಳಗೇ ಉಳ್ಕೊಂಡಿದಾರೆ."

"ನನ್ನ ಹೆಂಡತಿನೂ, ಮೇಡಂ."

ಮಧ್ಯಾಹ್ನವೇ ಅವನು ಮನೆಗೆ ಬಂದ. ತೊಟ್ಟಿಲು ಖಾಲಿಯಿತ್ತು.

"ಇಳಾ ಎಲ್ಲಿ?"

"ಅಮ್ಮ ಬಂದು ಕರ್ಕೊಂಡು ಹೋದ್ರು." ನಾಗವೇಣಿ ಊಟದ ಮೇಜಿನ ಮುಂದೆ ಕೂತಿದ್ದಳು. ಬಲಗೈ ಮೇಜಿನ ಮೇಲಿತ್ತು. ಹೆಬ್ಬೆರಳನ್ನು ಅಂಗೈಗೆ ಸೇರಿಸಿ ಬ್ಯಾಂಡೇಜು ಸುತ್ತಿದ್ದಳು, ವಾರ್ಡಿನಲ್ಲಿ ಸುತ್ತುವಷ್ಟೇ ನೀಟಾಗಿ.

"ಏನಾಯ್ತು ಬೆರಳಿಗೆ?"

"ಬೆರಳಿಗೇನೂ ಆಗಿಲ್ಲ." ಅವಳ ದನಿ ತೀರ ಮೆಲ್ಲಗಿತ್ತು. "ಆಸ್ಪತ್ರೆಗೆ ಹೋಗದೆ ಒಂದು ವಾರ ಆಯ್ತು ರೀ. ನಿಮ್ಗೆ ಹೇಳ್ಲಿಲ್ಲ. ಕೂಸುಗಳನ್ನ ಮುಟ್ಟೋಕೆ ಆಗ್ತಿಲ್ಲ ಅಂತ ಸಿಸ್ಟರ್‌ಗೆ ಹೇಳ್ಬಿಟ್ಟು ಬಂದೆ. ಅವು ಎಷ್ಟು ಸಣ್ಣವು ಗೊತ್ತಾ? ಮೊದ್ಲೂ ಅಷ್ಟೇ ಇದ್ವು. ಈಗ ನಂಗೆ ಅಕ್ಕಿಕಾಳಿನ ಥರ ಕಾಣ್ತವೆ. ಎಲ್ಲೋ ಕೆಳಗೆ, ತುಂಬಾ ಕೆಳಗೆ."

"ವೇಣಿ, ಅದು—"

"ತಡೀರಿ, ಇನ್ನೂ ಇದೆ. ಇವತ್ತು ನೀವು ಹೋದ್ಮೇಲೆ ಇಳಾ ಅಂಬೆಗಾಲಲ್ಲಿ ಬಂದ್ಲು. ಜೋರಾಗಿ, ನಗ್ತಾ, ನನ್ನ ಕಾಲ ಹತ್ರ ಬಂದ್ಲು." ಅವಳು ಬ್ಯಾಂಡೇಜನ್ನು ಎಡಗೈಯಿಂದ ಮುಚ್ಚಿಕೊಂಡಳು. "ಗುಂಡಿ ಇದ್ದ ಹಾಗೆ ಹೆಬ್ಬೆರಳು ತಾನೇ ಒತ್ತಿತು ರೀ. ಒತ್ತಿದ್ಮೇಲೆ ಕಾಲು ಎತ್ತಿದೆ. ತುಳಿಯೋಕೆ. ನಾನು ಎತ್ತಲಿಲ್ಲ, ಕಾಲೇ ಎದ್ದಿತು. ಅವಳು ನನ್ನ ಪಾದ ನೋಡ್ಕೊಂಡು ನಗ್ತಾನೇ ಇದ್ಲು."

ಯಶೋಧರನಿಗೆ ಅವಳ ಪಕ್ಕದಲ್ಲಿ ಕೂರಬೇಕೆನಿಸಿತು. ಕಾಲು ಮುಂದೆ ಹೋಗಲಿಲ್ಲ. ತನಗೇ ಹೆದರಿಕೆಯಾಗಿದೆ, ತಾನು ಮದುವೆಯಾದವಳ ಕೈಯಳತೆಯೊಳಗೆ ಹೋಗಲು ಹೆದರುತ್ತಿದ್ದೇನೆ ಎಂದು ತಿಳಿದಾಗ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅವಳಿಗೂ ಅದು ತಿಳಿಯಿತು.

"ಅಲ್ಲೇ ಕೂತ್ಕೊಳ್ಳಿ," ಅಂದಳು. "ಪರ್ವಾಗಿಲ್ಲ."

ಅಂದಿನಿಂದ ಇಳಾ ಅಜ್ಜಿ ಸಾಕಮ್ಮನ ಮನೆಯಲ್ಲೇ ಉಳಿದಳು. ಆಕೆ ಇದ್ದದ್ದು ಎರಡು ಬೀದಿ ಆಚೆ. ನಾಗವೇಣಿ ಹಾಲು ಹಿಂಡಿ ಬಾಟಲಿಗೆ ತುಂಬಿಸಿಡುತ್ತಿದ್ದಳು, ಯಶೋಧರ ಒಯ್ದು ಕೊಡುತ್ತಿದ್ದ. ಹಿಂಡುವಾಗ ಎಷ್ಟೋ ಸಲ ಬಾಟಲಿ ಅವಳ ಕೈಯಲ್ಲಿ ನುಗ್ಗಾಗುತ್ತಿತ್ತು. ಆಗ ಅವಳು ಸದ್ದಿಲ್ಲದೆ ಅಳುತ್ತಿದ್ದಳು, ಕಣ್ಣೊರೆಸಿಕೊಳ್ಳಲೂ ಕೈ ಎತ್ತದೆ.

ಪ್ರಯೋಗಶಾಲೆಯಲ್ಲಿ ಯಶೋಧರ ಆಟವನ್ನು ಮೊದಲಿಂದ ಕೊನೆಯವರೆಗೆ ಬಿಚ್ಚಿ ನೋಡುತ್ತಿದ್ದ. ಮಿಡಿತಗಳನ್ನು ಕಡಿಮೆ ಮಾಡಿ ನೋಡಿದ, ತಿರುಗುಮುರುಗು ಮಾಡಿ ನೋಡಿದ. ಟೈಲರ್ ಪಾಪ ದಿನವೂ ಬಂದು ಕೂರುತ್ತಿದ್ದ, ದಿನವೂ ಲೋಟ ಅಪ್ಪಚ್ಚಿಯಾಗುತ್ತಿತ್ತು. ಒಂದು ಬೆಳಗ್ಗೆ ಆಟದ ಮೊದಲ ದೃಶ್ಯವನ್ನು ಮತ್ತೆ ಮತ್ತೆ ಓಡಿಸುತ್ತಿದ್ದಾಗ ಅವನ ಕೈ ನಿಂತಿತು. ಪುಟ್ಟ ಮನುಷ್ಯನೊಬ್ಬ ಏಣಿ ಹತ್ತುತ್ತಾನೆ, ಉಕ್ಕಿನ ಎದೆಗೂಡು ತೆರೆಯುತ್ತದೆ, ಒಳಗೆ ಹೋಗುತ್ತಾನೆ, ಎದೆ ಮುಚ್ಚುತ್ತದೆ. ಆ ಹೊತ್ತಿನಲ್ಲಿ ಅಂಗೈಗೆ ಮಿಡಿತಗಳು ಒಂದರ ಹಿಂದೊಂದು ಹರಡುತ್ತಾ ಹೋಗುತ್ತವೆ. ಮೈ ದೊಡ್ಡದಾಗುವುದು ಅಲ್ಲಿಯೇ.

"ಮೇಡಂ, ಹತ್ತೋದು ಇದೆ," ಎಂದ ಅವನು. "ಇಳಿಯೋದು ಎಲ್ಲಿದೆ?"

ಕಮಲಾಕ್ಷಿ ಕನ್ನಡಕ ತೆಗೆದು ಅವನನ್ನೇ ನೋಡಿದರು.

"ಆಟ ಸೋತ್ರೂ ನಿಲ್ಲಿಸಿದ್ರೂ ಪರದೆ ಕಪ್ಪಾಗುತ್ತೆ, ಅಷ್ಟೇ," ಎಂದ ಯಶೋಧರ. "ಆಡಿದವನು ಒಳಗೇ ಇರ್ತಾನೆ. ಕೋಲು ಇದ್ದವರು ಕೋಲು ಕೆಳಗಿಡ್ತಾರೆ, ಬಸ್ಸಿನವರು ಬಾಗಿಲು ತೆಗೆದು ಇಳೀತಾರೆ. ನಾವು ಯಾರನ್ನೂ ಇಳಿಸಲೇ ಇಲ್ಲ."

ಇಳಿಯುವ ದೃಶ್ಯ ಬರೆಯುವುದು ಸುಲಭವಿರಲಿಲ್ಲ. ಆಟವನ್ನು ಬರೆದಿಡುವ ಚಿಪ್‌ನಲ್ಲಿ ಜಾಗ ಅಂಗೈಯಗಲ. ಉಕ್ಕಿನ ಮನುಷ್ಯ ಮಂಡಿಯೂರಬೇಕು, ಎದೆ ತೆರೆಯಬೇಕು, ಪುಟ್ಟ ಮನುಷ್ಯ ಏಣಿಯ ಒಂದೊಂದೇ ಮೆಟ್ಟಿಲು ಇಳಿದು ಬರಿಗಾಲು ನೆಲಕ್ಕೂರಬೇಕು. ಒಂದೊಂದು ಮೆಟ್ಟಿಲಿಗೂ ಅಂಗೈಯ ಮಿಡಿತ ಒಂದೊಂದು ಹೆಜ್ಜೆ ಒಳಗೆ ಸರಿಯಬೇಕು. ಇಷ್ಟು ತುಂಬುವಷ್ಟರಲ್ಲಿ ಜಾಗ ಮುಗಿಯಿತು. ಹುಳಗಳನ್ನು ಪರದೆಯಿಂದ ಅಳಿಸಲು ಒಂದು ಸಾಲಿಗೂ ಎಡೆಯಿರಲಿಲ್ಲ.

"ಅಂದ್ರೆ ಇಳಿಯೋವಾಗ ಅವು ಕೆಳಗೇ ಇರ್ತವೆ," ಎಂದರು ಕಮಲಾಕ್ಷಿ.

"ಇರ್ತವೆ. ಆದ್ರೆ ಮುಟ್ಟಲ್ಲ. ಅವಕ್ಕೆ ಬರೆದಿರೋದು ಉಕ್ಕಿನ ಮೈ ಮೇಲೆ ಬೀಳೋದಷ್ಟೇ. ಮನುಷ್ಯ ಅನ್ನೋದು ಅವುಗಳ ಲೆಕ್ಕದಲ್ಲೇ ಇಲ್ಲ."

"ಅದು ನಿಮಗೆ ಗೊತ್ತು. ಇಳಿಯೋರಿಗೆ?" ಅವರು ಪರದೆಯ ಏಣಿಯ ಮೇಲೆ ಬೆರಳಿಟ್ಟರು. "ಇನ್ನೊಂದು ವಿಷಯ. ಇಳೀಬೇಕಾದ್ರೆ ಪೂರ್ತಿ ಹತ್ತಿರಬೇಕು. ಮತ್ತೆ ಆಡಬೇಕು, ಚೆನ್ನಾಗಿ ಒಳಗೆ ಹೋಗೋ ತನಕ. ಅರ್ಧ ಏಣೀಲಿ ಹೆದರಿ ಬಿಟ್ಟುಬಿಟ್ರೆ ಏನಾಗುತ್ತೋ ನನಗೆ ಗೊತ್ತಿಲ್ಲ."

ಯಶೋಧರ ಅದನ್ನು ಮೊದಲು ತನ್ನ ಮೇಲೆಯೇ ಪ್ರಯೋಗಿಸಿಕೊಂಡ. ಇಡೀ ದಿನ ಆಡಿದ. ಮಧ್ಯಾಹ್ನದ ಹೊತ್ತಿಗೆ ಪಾಚಿಬಣ್ಣದ ಪರದೆ ಪರದೆಯಾಗಿ ಉಳಿಯಲಿಲ್ಲ. ಅವನ ಹೆಗಲು ಮಾಳಿಗೆಗಳ ಮೇಲಿತ್ತು. ಉಸಿರು ಎಳೆದರೆ ಎದೆಯೊಳಗೆ ಯಂತ್ರ ಗುಡುಗುತ್ತಿತ್ತು. ಕೆಳಗೆ ಚುಕ್ಕಿಗಳು ಹರಿಯುತ್ತಿದ್ದವು, ಒತ್ತಿದರೆ ಆರುತ್ತಿದ್ದವು. ಒತ್ತುವುದು ಎಷ್ಟು ಹಿತವಾಗಿತ್ತೆಂದರೆ, ಆ ಹಿತವೇ ಆಮೇಲೆ ಅವನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಮಂಡಿಯೂರು ಎಂದು ಪರದೆ ಹೇಳಿದಾಗ ಅವನ ಮೈಯೆಲ್ಲ ಬೇಡವೆಂದಿತು. ಊರಿದ. ಎದೆ ತೆರೆಯಿತು. ಒಂದೊಂದು ಮೆಟ್ಟಿಲಿಗೂ ಮೈ ಸುಲಿದು ಬೀಳುತ್ತಾ ಹೋಯಿತು. ಮೊದಲು ಹೆಗಲು, ಆಮೇಲೆ ತೋಳು, ಬೆನ್ನು. ಕೆಳಗೆ ಹುಳಗಳು ಕಾಲಿನ ಸುತ್ತ ಹರಿದಾಡುತ್ತಿದ್ದವು, ಈಗ ನಾಯಿಗಳಷ್ಟು ದೊಡ್ಡವಾಗಿ. ಬರಿಗಾಲು ನೆಲಕ್ಕೆ ತಾಗಿತು. ಅವನು ಕಣ್ಣುಬಿಟ್ಟಾಗ ಪ್ರಯೋಗಶಾಲೆಯ ನೆಲದ ಮೇಲೆ ಚಪ್ಪಲಿಯಿಲ್ಲದ ಪಾದ ಊರಿ ಕೂತಿದ್ದ. ಕಮಲಾಕ್ಷಿ ನೀರು ತುಂಬಿದ ಕಾಗದದ ಲೋಟ ಮುಂದೆ ಹಿಡಿದರು. ಅವನು ಅದನ್ನು ತೆಗೆದುಕೊಂಡು ಕುಡಿದ.

ನಾಗವೇಣಿ ಒಪ್ಪಲು ಎರಡು ದಿನ ಹಿಡಿಯಿತು.

"ಮತ್ತೆ ಒಳಗೆ ಹೋಗು ಅಂತೀರಲ್ಲ," ಎಂದಳು. "ಹೊರಗೆ ಬರೋಕೆ ಆಗದೇ ಹೋದ್ರೆ?"

ಪ್ರಯೋಗಶಾಲೆಗೆ ಹೊರಡುವ ದಿನ ಅವಳೇ ಒಂದು ಮಾತು ಹೇಳಿದಳು. "ನನ್ನಿಂದ ಆಗ್ಲಿಲ್ಲ ಅಂದ್ರೆ ಇಳಾನ ನನ್ನ ಹತ್ರ ತರಬೇಡಿ. ನಾನು ಬೇಡಿಕೊಂಡ್ರೂ ತರಬೇಡಿ. ಮಾತು ಕೊಡಿ." ಅವನು ಮಾತು ಕೊಟ್ಟ.

ಕಿಟಕಿಯಿಂದ ಬಿಸಿಲು ಬೀಳುತ್ತಿದ್ದ ಕೋಣೆಯಲ್ಲಿ ಅವಳು ಆಡಲು ಕುಳಿತಳು. ಬ್ಯಾಂಡೇಜು ಬಿಚ್ಚಿದ್ದ ಹೆಬ್ಬೆರಳು ಬಿಳಿಚಿಕೊಂಡು ಸುಕ್ಕಾಗಿತ್ತು. ಗುಂಡಿಯ ಮೇಲೆ ಇಟ್ಟೊಡನೆ ಅದಕ್ಕೆ ಜೀವ ಬಂತು. ನೋಡುತ್ತಾ ನೋಡುತ್ತಾ ಅವಳ ಬೆನ್ನು ನೆಟ್ಟಗಾಯಿತು, ಉಸಿರು ನಿಧಾನವಾಯಿತು, ಕಣ್ಣರೆಪ್ಪೆ ಬಡಿಯುವುದೇ ಅಪರೂಪವಾಯಿತು. ಯಶೋಧರ ಬಾಗಿಲ ಬಳಿ ನಿಂತಿದ್ದ. ಕೋಣೆಯಲ್ಲಿ ತನ್ನ ಹೆಂಡತಿಗಿಂತ ಬಹಳ ದೊಡ್ಡದು ಏನೋ ಕೂತಿದೆ ಎನ್ನಿಸಿತು.

"ವೇಣಿ, ಈಗ ಮಂಡಿಯೂರು."

ಅವಳು ಆಡುತ್ತಲೇ ಇದ್ದಳು.

"ವೇಣಿ!"

"ಇನ್ನೂ ಇವೆ," ಎಂದಳು. ಆ ದನಿ ಅವಳದಾಗಿರಲಿಲ್ಲ, ಎಲ್ಲೋ ಮೇಲಿಂದ ಬಂದಂತಿತ್ತು. "ಕೆಳಗೆ ಇನ್ನೂ ಇವೆ. ಎಲ್ಲಾ ಮುಗಿಸ್ತೀನಿ."

"ಮುಗಿಯಲ್ಲ ಅವು. ಮುಗಿಯದ ಹಾಗೇ ಬರೆದಿರೋದು. ನೀನು ಮಂಡಿಯೂರಮ್ಮ."

ಗುಂಡಿ ಒತ್ತುವ ಟಕಟಕ ಸದ್ದು ಇನ್ನೂ ಜೋರಾಯಿತು. ಯಶೋಧರ ಹೆದರಿಕೆಯನ್ನು ನುಂಗಿಕೊಂಡು ಹತ್ತಿರ ಹೋದ. ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಅವಳ ಪಾದದ ಮೇಲೆ ಕೈಯಿಟ್ಟ. ಕಾಲು ಚಟ್ಟನೆ ಎದ್ದು ಅವನ ಬೆರಳುಗಳ ಮೇಲೆ ಬಿತ್ತು. ಮೂಳೆ ಕಟಕ್ಕೆಂದದ್ದು ಕಮಲಾಕ್ಷಿಯವರಿಗೂ ಕೇಳಿಸಿತು. ಕಣ್ಣಲ್ಲಿ ನೀರು ಬಂದರೂ ಅವನು ಕೈ ಎಳೆದುಕೊಳ್ಳಲಿಲ್ಲ.

"ಇದು ನಾನು, ವೇಣಿ. ಹುಳ ಅಲ್ಲ. ಮಂಡಿಯೂರು."

ಟಕಟಕ ನಿಂತಿತು. ಆಮೇಲೆ ಎಡ ಹೆಬ್ಬೆರಳು ಕೆಳಗಿನ ಗುಂಡಿಗೆ ಜಾರಿತು.

"ತೆರೀತು," ಎಂದಳು. "ಗಾಳಿ ಬರ್ತಿದೆ." ನಂತರ, "ಅಯ್ಯೋ, ಎಷ್ಟು ಎತ್ತರ!"

"ಇಳಿ. ಒಂದೊಂದೇ."

"ಕೈಯಲ್ಲಿ ಏನೂ ಇಲ್ಲ ರೀ. ಸುಡೋಕೆ ಏನೂ ಇಲ್ಲ. ಕೆಳಗೆ ತುಂಬ್ಕೊಂಡಿವೆ." ಅವಳ ಹಲ್ಲು ಕಟಕಟ ಅನ್ನುತ್ತಿತ್ತು. "ದೊಡ್ಡದಾಗ್ತಿವೆ. ನನ್ನಷ್ಟೇ ಇವೆ. ಬೇಡ, ನಾನು ವಾಪಸ್ ಹೋಗ್ತೀನಿ."

ಯಶೋಧರ ಅವಳ ಪಾದವನ್ನೇ ಹಿಡಿದುಕೊಂಡಿದ್ದ. ಅವಳು ಕೂಗಿದಳು, ಇನ್ನೊಂದು ಮೆಟ್ಟಿಲು ಇಳಿದಳು. "ಮುಟ್ತಿವೆ! ಕಾಲಿಗೆ ಮುಟ್ತಿವೆ!" ಮತ್ತೊಂದು ಇಳಿದಳು. ಆಮೇಲೆ ಅವಳ ಕೈಯಿಂದ ಡಬ್ಬಿ ಜಾರಿ ನೆಲಕ್ಕೆ ಬಿತ್ತು. ಅವಳು ಕುರ್ಚಿಯಲ್ಲಿ ಕುಸಿದು, ಮುದುಡಿ, ಇದ್ದಷ್ಟೇ ಗಾತ್ರದವಳಾದಳು.

"ನೆಲ ತಣ್ಣಗಿದೆ," ಎಂದಳು. ಆಮೇಲೆ ಅವನ ಕೈ ನೋಡಿ, ನರ್ಸಿನ ದನಿಯಲ್ಲಿ, "ಏನ್ರೀ ಇದು, ಬೆರಳು ಮುರಿದಿದೆಯಲ್ಲ!" ಎಂದು ಅದನ್ನು ಎತ್ತಿ ಹಿಡಿದಳು. ಹತ್ತಿಯನ್ನು ಹಿಡಿದಷ್ಟು ಹಗುರವಾಗಿ.

ಆ ಸಂಜೆ ಸಾಕಮ್ಮ ಇಳಾಳನ್ನು ಕರೆತಂದರು. ನಾಗವೇಣಿ ಮೊದಲು ಒಂದೇ ಬೆರಳಿಂದ ಮಗುವಿನ ಅಂಗಾಲು ಮುಟ್ಟಿ ನೋಡಿದಳು. ಇಳಾ ಕಾಲು ಝಾಡಿಸಿತು. ಎತ್ತಿಕೊಂಡ ಮೇಲೆ ಬಹಳ ಹೊತ್ತು ಅವಳು ಯಾರಿಗೂ ಕೊಡಲಿಲ್ಲ.

ಆದರೆ ಲೋಹಕಾಯ ಹಳೆಯ ಕಾಲದ ಡಬ್ಬಿ. ಅದಕ್ಕೆ ಇಂಟರ್ನೆಟ್ಟಿನ ಗಂಧಗಾಳಿಯೂ ಇಲ್ಲ, ದೂರದಿಂದ ತಿದ್ದಲು ಬರುವುದಿಲ್ಲ. ಇಳಿಯುವ ಏಣಿ ಬೇಕೆಂದರೆ ಪ್ರತಿಯೊಬ್ಬರೂ ತಮ್ಮ ಡಬ್ಬಿ ಹಿಡಿದು ಬರಬೇಕಿತ್ತು. ಪುನರಾಟ ಕಂಪನಿ ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟಿತು, ಊರೂರಲ್ಲಿ ಕಲ್ಯಾಣ ಮಂಟಪಗಳನ್ನು ಹಿಡಿಯಿತು. ಮೈಸೂರಿನ ಮಂಟಪದಲ್ಲಿ ಯಶೋಧರ ಡಬ್ಬಿಯೊಳಗಿನ ಚಿಪ್ ಬದಲಿಸುತ್ತಿದ್ದ. ರಜೆಯ ದಿನಗಳಲ್ಲಿ ನಾಗವೇಣಿ ಬಂದು ಇಳಿಯುವವರ ಪಕ್ಕ ಕೂರುತ್ತಿದ್ದಳು, ಹುಳ ಮುಟ್ಟಿತು ಅನ್ನಿಸೀತೆಂದು ಪಾದ ಮಾತ್ರ ಹಿಡಿಯುತ್ತಿರಲಿಲ್ಲ. ಟೈಲರ್ ಇಳಿದ, ಕಾಲೇಜು ಹುಡುಗಿ ಇಳಿದಳು. ಬಂದವರಲ್ಲಿ ಬಹುಪಾಲು ಜನ ಅಳುತ್ತಾ ಇಳಿದು, ನಗುತ್ತಾ ಮನೆಗೆ ಹೋದರು. ಬರದವರು ಎಷ್ಟು ಮಂದಿಯೋ ಯಾರಿಗೂ ಗೊತ್ತಾಗಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಶಿವನಂಜ ಎಂಬಾತ ಬಂದ. ದೊಡ್ಡ ಅಪಾರ್ಟ್‌ಮೆಂಟೊಂದರ ಗೇಟಿನಲ್ಲಿ ವಾಚ್‌ಮನ್. ಕಡ್ಡಿಯಂಥ ಮನುಷ್ಯ, ನಡುವಯಸ್ಸು. ಹೆಂಡತಿ ಒತ್ತಾಯ ಮಾಡಿ ಕಳಿಸಿದ್ದಳಂತೆ. ಹೇಳಿದ್ದನ್ನೆಲ್ಲ ಮಾಡಿದ, ಒಳಗೆ ಹೋದ, ಮಂಡಿಯೂರು ಎಂದಾಗ ಮಾತ್ರ ಆಟ ನಿಲ್ಲಿಸಿ ತಲೆಯೆತ್ತಿದ.

"ಕೆಳಗೆ ಇಳಿದ್ರೆ ಏನ್ ಸಿಗುತ್ತಕ್ಕಾ?"

"ನಿಮ್ಮ ಮೈ ನಿಮಗೆ ಸಿಗುತ್ತಣ್ಣ," ಎಂದಳು ನಾಗವೇಣಿ.

"ಇದಾ?" ಅವನು ತನ್ನ ತೋಳನ್ನು ನೋಡಿಕೊಂಡ. "ಇದ್ನ ನಲವತ್ತು ವರ್ಷ ಹೊತ್ಕೊಂಡು ತಿರುಗಿದೀನಿ. ಹಾರ್ನ್ ಹೊಡುದ್ರೆ ಓಡೋಗಿ ಗೇಟು ತೆಗೀತಿದ್ದೆ. ತಡ ಆದ್ರೆ ಬೈತಿದ್ರು. ಈಗ ಮೆಲ್ಲಗೆ ಎದ್ದೋಗ್ತೀನಿ. ಗಾಜು ಇಳ್ಸಿ ಮಖ ನೋಡ್ತಾರೆ. ಯಾರೂ ಏನೂ ಅನ್ನಲ್ಲ."

"ನಿಮ್ಮ ಮನೇಲಿ ಮಕ್ಕಳಿದಾರಾ?"

"ಅವೂ," ಎಂದು ಅವನು ಸ್ವಲ್ಪ ಯೋಚಿಸಿ, "ಈಗೀಗ ಮಾತು ಕೇಳ್ತಾವೆ," ಎಂದ.

ನಾಗವೇಣಿಯ ಮುಖ ಕಪ್ಪಿಟ್ಟಿತು. ಶಿವನಂಜ ಡಬ್ಬಿಯನ್ನು ಆಫ್ ಮಾಡಿ ಅಂಗಿಯ ಜೇಬಿಗೆ ಇಳಿಸಿ ಎದ್ದ. ಯಶೋಧರ ಬಾಗಿಲಿಗೆ ಅಡ್ಡ ಹೋಗಿ ನಿಂತ. "ನೋಡಿ, ಹೀಗೆ ಅರ್ಧಕ್ಕೇ ಎದ್ದು ಹೋಗಬಾರದು," ಎಂದ. ಶಿವನಂಜ ಬೈಯಲಿಲ್ಲ, ತಳ್ಳಲಿಲ್ಲ. ಯಶೋಧರನ ಹೆಗಲೆತ್ತರಕ್ಕೂ ಬಾರದ ಆ ಮನುಷ್ಯ ಸುಮ್ಮನೆ ನಡೆದು ಬಂದ, ನಿಧಾನವಾಗಿ, ಪಾದವನ್ನು ಊರಿ ಊರಿ. ಮರುಕ್ಷಣ ಬಾಗಿಲಲ್ಲಿ ಯಾರೂ ಇರಲಿಲ್ಲ. ಯಶೋಧರ ಪಕ್ಕದ ಗೋಡೆಗೆ ಒರಗಿ ನಿಂತಿದ್ದ.

"ಯಾಕ್ರೀ ದಾರಿ ಬಿಟ್ರಿ?" ನಾಗವೇಣಿ ಕೇಳಿದಳು.

"ಗೊತ್ತಿಲ್ಲ," ಎಂದ ಅವನು.

ಅವಳು ಮುಂದಿನವರನ್ನು ಕರೆಯಲು ಸಾಲಿನ ಕಡೆ ತಿರುಗಿದಳು. ಡಬ್ಬಿ ಹಿಡಿದು ಕೂತಿದ್ದವರೆಲ್ಲ ಬಾಗಿಲನ್ನೇ ನೋಡುತ್ತಿದ್ದರು. ಹಿಂದಿನ ಕುರ್ಚಿಗಳಲ್ಲಿ ಇಬ್ಬರು, ಒಬ್ಬ ಗಂಡಸು ಒಬ್ಬ ಹೆಂಗಸು, ಒಬ್ಬರಿಗೊಬ್ಬರು ಗುರುತಿಲ್ಲದವರು, ಇಳಿಯದೆಯೇ ಎದ್ದು ಶಿವನಂಜನ ಹಿಂದೆ ಹೊರಟರು.